ಅಮ್ಮ ಹೇಳಿದ್ದು ನಿಜವೋ, ಹಾಡು ಹೇಳಿದ್ದು ನಿಜವೋ?

ಪ್ರಶ್ನೆ: ಅಮೆರಿಕದ ರ‍್ಯಾಪ್ ಗಾಯಕ ನಟೋರಿಯಸ್ ಬಿ.ಐ.ಜಿ. ಹಾಡಿದ 'ಜ್ಯೂಸಿ' ಅಂದ್ರೆ ನನಗೆ ಪ್ರಾಣ. ಕೆಲಸ ಹೋಗಿ ಮನೆಯಲ್ಲಿ ಕೂತಿದ್ದಾಗ ದಿನಾ ಕೇಳುತ್ತಿದ್ದೆ. ಬಡತನದಲ್ಲಿ ಬೆಳೆದ ಹುಡುಗ ಮೇಲೆ ಬಂದ ಕಥೆ ಅಂತ ನಂಬಿದ್ದೆ. ಮೊನ್ನೆ ಗೆಳೆಯನೊಬ್ಬ, 'ಅವರೇನೂ ಅಷ್ಟು ಬಡವರಲ್ಲ, ಅವರಮ್ಮನೇ ಹೇಳಿದ್ದಾರೆ' ಅಂದ. ಮನಸ್ಸಿಗೆ ಬೇಜಾರಾಯಿತು. ಹಾಗಾದರೆ ಆ ಹಾಡು ಸುಳ್ಳಾ?

ಉತ್ತರ: ನಿಮ್ಮ ಗೆಳೆಯ ಹೇಳಿದ್ದು ನಿಜ. ಆದರೂ ಆ ಹಾಡನ್ನು ಬಿಟ್ಟುಬಿಡಬೇಡಿ.

ಬಿಗ್ಗಿ ಅಂತಲೂ ಕರೆಯುವ ಈ ಗಾಯಕನ ನಿಜವಾದ ಹೆಸರು ಕ್ರಿಸ್ಟಫರ್ ವಾಲೇಸ್. ಹುಟ್ಟಿದ್ದು 1972ರಲ್ಲಿ. ಬೆಳೆದದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಸೇಂಟ್ ಜೇಮ್ಸ್ ಪ್ಲೇಸ್ ಎಂಬ ಬೀದಿಯ ಒಂದು ಅಪಾರ್ಟ್‌ಮೆಂಟಿನಲ್ಲಿ. ತಾಯಿ ವೊಲೆಟ್ಟಾ ವಾಲೇಸ್ ಜಮೈಕಾದಿಂದ ಬಂದವರು, ಪುಟ್ಟ ಮಕ್ಕಳಿಗೆ ಪಾಠ ಹೇಳುವ ಟೀಚರ್. ಮಗುವಿಗೆ ಎರಡು ವರ್ಷ ಆಗುವಷ್ಟರಲ್ಲಿ ಅಪ್ಪ ಬಿಟ್ಟುಹೋಗಿದ್ದರು. ಒಬ್ಬಳೇ ಹೆಣ್ಣುಮಗಳು ದುಡಿದು ಮಗನನ್ನು ಸಾಕಿದರು. ಹಾಡಿನಲ್ಲಿ ಬರುವ ಒಂದು ಕೋಣೆಯ ಗುಡಿಸಲು ನಮ್ಮದಲ್ಲ ಅಂತ ಅವರು ಹೇಳಿದ್ದು ಹೌದು. ಅವರಿಗೆ ನೋವಾದದ್ದು ನನಗೆ ಅರ್ಥವಾಗುತ್ತದೆ. ಹೊಟ್ಟೆ ಬಟ್ಟೆ ಕಟ್ಟಿ ಬೆಳೆಸಿದ ಮನೆಯನ್ನು ಮಗ ಗುಡಿಸಲು ಅಂದುಬಿಟ್ಟರೆ ಯಾವ ತಾಯಿಗೆ ಬೇಜಾರಾಗಲ್ಲ ಹೇಳಿ?

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಬರೀ ಬಡತನವಲ್ಲ, ಆ ಹಾಡಿನ ಸಿರಿತನವೂ ಸ್ವಲ್ಪ ಮುಂಚೆಯೇ ಬಂದುಬಿಟ್ಟಿದೆ. 'ಜ್ಯೂಸಿ' ಹೊರಬಂದದ್ದು 1994ರ ಆಗಸ್ಟ್‌ನಲ್ಲಿ, ಅವನ ಮೊದಲ ಆಲ್ಬಂನ ಮೊದಲ ಸಿಂಗಲ್ ಆಗಿ, ಅಂದರೆ ಬಿಡಿಯಾಗಿ ಬಿಟ್ಟ ಹಾಡಾಗಿ. ಆಲ್ಬಂ ಅಂಗಡಿಗೆ ಬಂದದ್ದು ಸೆಪ್ಟೆಂಬರ್‌ನಲ್ಲಿ. ಅಂದರೆ 50 ಇಂಚಿನ ಟಿ.ವಿ., ಹಸಿರು ಲೆದರ್ ಸೋಫಾ, ಡ್ರೈವರ್ ಸಮೇತ ಲಿಮೊಸಿನ್, 2,000 ಡಾಲರ್ ಫೋನ್ ಬಿಲ್ ಅಂತೆಲ್ಲಾ ಹಾಡಿದ್ದು ಹೊರಬಂದಾಗ ಅವನಿಗೆ 22 ವರ್ಷ, ಮೊದಲ ಆಲ್ಬಂ ಕೂಡ ಇನ್ನೂ ಮಾರಾಟಕ್ಕೆ ಬಂದಿರಲಿಲ್ಲ. ಹಾಗಾಗಿ ಆ ಪಟ್ಟಿಯನ್ನು ನಾನು ಮುಂದೆ ಹೀಗಾಗಲಿ ಅಂತ ಬೇಡಿಕೊಂಡ ಹಾಗೆ ಕೇಳುತ್ತೇನೆ. ಹಿಂದಿನದನ್ನು ಕೆಳಕ್ಕೆ ಎಳೆದ, ಮುಂದಿನದನ್ನು ಮೇಲಕ್ಕೆ ಎತ್ತಿದ. ನಡುವೆ ನಿಂತು ಹಾಡಿದ.

ಹಾಗಾದರೆ ನಂಬುವುದು ಯಾವುದನ್ನು? ಸಣ್ಣ ಸಣ್ಣ ವಿಷಯಗಳನ್ನು. ರಾತ್ರಿ ಊಟಕ್ಕೆ ಸಾರ್ಡೀನ್ ಮೀನು. ಚಳಿಗಾಲದಲ್ಲಿ ಮನೆ ಬಿಸಿಯಾಗದೆ, ಬಾರದೇ ಹೋದ ಕ್ರಿಸ್ಮಸ್. ವರ್ಷದಲ್ಲೇ ಕೆಟ್ಟ ದಿನವಾಗಿಬಿಟ್ಟ ಹುಟ್ಟುಹಬ್ಬ. ಕೆಂಪು ಕಪ್ಪು ಚೌಕಳಿಯ ಅಂಗಿ, ಅದಕ್ಕೆ ಹೊಂದುವ ಟೋಪಿ. ಅಮ್ಮ ತಂದಿಟ್ಟಿದ್ದನ್ನು ಹುಡುಗ ಮರೆತಿರಬಹುದು, ಸಿಗದೇ ಹೋದದ್ದನ್ನು ಮಾತ್ರ ಮರೆಯಲಿಲ್ಲ. ಒಂದೇ ಮನೆಯಲ್ಲಿದ್ದ ಇಬ್ಬರ ನೆನಪು ಬೇರೆ ಬೇರೆ ಆಗುತ್ತೆ ಅಲ್ವಾ?

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕ್ಯಾಸೆಟ್ಟಿನ ಸಾಲು. ಶನಿವಾರ ರೇಡಿಯೋದಲ್ಲಿ ಮಿಸ್ಟರ್ ಮ್ಯಾಜಿಕ್ ಮತ್ತು ಮಾರ್ಲಿ ಮಾರ್ಲ್ ಅವರ 'ರ‍್ಯಾಪ್ ಅಟ್ಯಾಕ್' ಕಾರ್ಯಕ್ರಮ. ಹುಡುಗ ಟೇಪು ಹಾಕಿಕೊಂಡು ಅದು ಕಿತ್ತುಹೋಗುವವರೆಗೂ ಕೇಳುತ್ತಿದ್ದ. ಕ್ಯಾಸೆಟ್ ಕಾಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆರಳಲ್ಲಿ ಪೆನ್ನು ಹಿಡಿದು ಚಕ್ರದ ಹಲ್ಲಿಗೆ ಸಿಕ್ಕಿಸಿ, ಕಂದು ರೀಲನ್ನು ಮೆಲ್ಲಗೆ ಸುತ್ತುತ್ತಿದ್ದೆ ನಾನು. ಒಮ್ಮೆ ಕಿತ್ತುಹೋದದ್ದನ್ನು ಅಂಟಿಸಿದ ಮೇಲೆ ಆ ಜಾಗದಲ್ಲಿ ಹಾಡು ಅರ್ಧ ಪದ ನುಂಗುತ್ತಿತ್ತು. ಈಗಲೂ ಆ ಪದ ಬಂದಾಗ ಕಿವಿ ಕಾಯುತ್ತದೆ.

ಇನ್ನೊಂದು ಸಲ ಕೇಳುವಾಗ ಪತ್ರಿಕೆಗಳನ್ನು ಗಮನಿಸಿ. ಹಾಡು ಶುರುವಾಗುವುದೇ 'ವರ್ಡ್ ಅಪ್' ಪತ್ರಿಕೆ ಓದುವ ಹುಡುಗನಿಂದ. ಅವನ ಗೋಡೆಯ ಮೇಲೆ ರ‍್ಯಾಪ್ ಗಾಯಕರ ಚಿತ್ರಗಳು. ಆಮೇಲೆ 'ದಿ ಸೋರ್ಸ್' ಪತ್ರಿಕೆಯಲ್ಲಿ ಅವನದೇ ಮುಖ ಬರುತ್ತದೆ, ನೋಡಿ ನಗುವವರು ಅಮ್ಮ. ಇದು ಸುಮ್ನೆ ಕಟ್ಟಿದ ಮಾತಲ್ಲ. ರೆಕಾರ್ಡ್ ಕಂಪನಿಯ ಬೆಂಬಲವಿಲ್ಲದ ಹೊಸ ಗಾಯಕರಿಗಾಗಿ 'ದಿ ಸೋರ್ಸ್' ಒಂದು ಅಂಕಣ ನಡೆಸುತ್ತಿತ್ತು. 1992ರಲ್ಲಿ ಬಿಗ್ಗಿಯ ಡೆಮೊ ಟೇಪಿನ (ಮಾದರಿಗೆಂದು ಹಾಡಿದ ಟೇಪು) ಬಗ್ಗೆ ಅದರಲ್ಲೇ ಬಂತು. ಅವನ ದಾರಿ ತೆರೆದದ್ದು ಅಲ್ಲಿಂದ. ಮನೆಯ ಬಗ್ಗೆ ತಾಯಿಯ ಮಾತು ನಂಬಿ. ಆ ನಗುವಿನ ಬಗ್ಗೆ ಮಗನನ್ನು ನಂಬಿ.

ಪ್ರಶ್ನೆ: ನನ್ನ ಮಗನಿಗೆ 15 ವರ್ಷ. ದಿನವಿಡೀ ಇದೇ ಹಾಡು. ಬೈಗುಳ ಇದೆ, ಡ್ರಗ್ಸ್ ಮಾರಿದ ಮಾತಿದೆ. ಕೇಳಬೇಡ ಅನ್ನಲಾ?

ಉತ್ತರ: ನಿಮ್ಮ ಆತಂಕ ಸರಿಯಾದದ್ದೇ. ಹಾಡು ಶುರುವಾಗುವ ಮುನ್ನ ಬರುವ ಮಾತಿನಲ್ಲಿ ಅವನು ತನ್ನ ಆಲ್ಬಂ ಅರ್ಪಿಸುವುದು, ನೀನು ಉದ್ಧಾರವಾಗಲ್ಲ ಅಂದ ಟೀಚರುಗಳಿಗೆ. ಹಾಗೆಯೇ ತಾನು ಬೀದಿಯಲ್ಲಿ ವ್ಯಾಪಾರ ಮಾಡುವಾಗ ಪೊಲೀಸರನ್ನು ಕರೆದ ಮೇಲಂತಸ್ತಿನವರಿಗೆ. ಆ ವ್ಯಾಪಾರ ಡ್ರಗ್ಸ್‌ನದ್ದು. ಮಗಳಿಗೆ ಊಟ ಹಾಕಲು ಮಾಡಿದೆ ಅನ್ನುತ್ತಾನೆ. ನನ್ನ ಮಟ್ಟಿಗೆ ಪೊಲೀಸರನ್ನು ಕರೆದವರದ್ದು ತಪ್ಪಿಲ್ಲ. ಅವರ ಮನೆಯಲ್ಲೂ ಮಕ್ಕಳಿದ್ದರು. ಕ್ರ್ಯಾಕ್ ಕೊಕೇನ್ ಮಾರಿದ್ದಕ್ಕೆ 1991ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಅವನು ಸಿಕ್ಕಿಬಿದ್ದ, ತಿಂಗಳುಗಟ್ಟಲೆ ಜೈಲಿನಲ್ಲಿದ್ದ. ಇದನ್ನು ಮಗನಿಂದ ಮುಚ್ಚಿಡಬೇಡಿ.

ಆದರೆ ನಿಷೇಧ ಹಾಕಿದರೆ ಅವನು ಇಯರ್‌ಫೋನ್ ಹಾಕಿಕೊಳ್ಳುತ್ತಾನೆ, ಅಷ್ಟೇ. ಒಂದು ಸಂಜೆ ಪಕ್ಕದಲ್ಲಿ ಕೂತು ನೀವೂ ಕೇಳಿ. ಬೈಗುಳ ತೆಗೆದ ರೇಡಿಯೋ ಆವೃತ್ತಿ ಸಿಗುತ್ತದೆ. ಯಾವ ಸಾಲು ನಿನಗೆ ಇಷ್ಟ ಅಂತ ಕೇಳಿ, ಅವನು ಹೇಳುವುದನ್ನು ತಡೆಯದೆ ಕೇಳಿಸಿಕೊಳ್ಳಿ. ಅವನಿಗೆ ಕಾರು, ಸೋಫಾ ಇಷ್ಟವೋ, ಇಲ್ಲ ಆ ಟೀಚರಿನ ಮಾತು ಚುಚ್ಚಿದೆಯೋ ಆಗ ಗೊತ್ತಾಗುತ್ತದೆ. ಎರಡನೆಯದಾದರೆ ಶಾಲೆಯಲ್ಲಿ ಏನಾಯಿತು ಅಂತ ವಿಚಾರಿಸುವುದು ಹಾಡಿಗಿಂತ ಮುಖ್ಯ.

ಒಂದು ಎಚ್ಚರಿಕೆ. ಆಲ್ಬಂ ಪೂರ್ತಿ ಕೇಳಿಸುವ ಮುನ್ನ ನೀವು ಕೇಳಿ. ಇಂಥ ಸಂತೋಷದ ಹಾಡಿರುವ ಆ ಆಲ್ಬಂ ಮುಗಿಯುವುದು ಆತ್ಮಹತ್ಯೆಯ ಯೋಚನೆಯ ಹಾಡಿನಿಂದ. ಬಿಗ್ಗಿ 1997ರ ಮಾರ್ಚ್ 9ರಂದು ಲಾಸ್ ಏಂಜಲಿಸ್‌ನಲ್ಲಿ ಕಾರಿನಲ್ಲಿ ಕೂತಿದ್ದಾಗ ಗುಂಡೇಟಿಗೆ ಬಲಿಯಾದ. ಆಗ 24 ವರ್ಷ. ಇದನ್ನೂ ಮಗನಿಗೆ ಹೇಳಿ.

ಪ್ರಶ್ನೆ: ಇದರ ಟ್ಯೂನ್ ಹಳೇ ಹಾಡಿನಿಂದ ಕದ್ದದ್ದಂತೆ, ಹೌದಾ?

ಉತ್ತರ: ಕದ್ದದ್ದಲ್ಲ, ಸ್ಯಾಂಪಲ್ ಮಾಡಿದ್ದು. ಹಳೇ ರೆಕಾರ್ಡಿನ ಒಂದು ತುಂಡು ತೆಗೆದುಕೊಂಡು ಅದರ ಮೇಲೆ ಹೊಸ ಹಾಡು ಕಟ್ಟುವ ಪದ್ಧತಿ ಇದು. ಮೂಲ ಹಾಡು ಮ್ಟುಮೆ ತಂಡದ 'ಜ್ಯೂಸಿ ಫ್ರೂಟ್', 1983ರದ್ದು. ತಂಡ ಕಟ್ಟಿದ ಜೇಮ್ಸ್ ಮ್ಟುಮೆ ಅದಕ್ಕೂ ಮುಂಚೆ ಮೈಲ್ಸ್ ಡೇವಿಸ್ ಜೊತೆ ತಾಳವಾದ್ಯ ನುಡಿಸಿದವರು. ಮೂಲದ್ದು ಪ್ರೇಮದ ಹಾಡು. ಬಿಗ್ಗಿಯ ಹಾಡಿನ ಪಲ್ಲವಿಯನ್ನು ಹಾಡಿದ್ದು ಟೋಟಲ್ ಎಂಬ ಹುಡುಗಿಯರ ತಂಡ. ಮೊದಲು ಮ್ಟುಮೆಯದ್ದು ಹಾಕಿ, ಆಮೇಲೆ ಬಿಗ್ಗಿಯದ್ದು. ಬೇಸ್ ಶುರುವಾಗುತ್ತಿದ್ದ ಹಾಗೇ ಗೊತ್ತಾಗಿಬಿಡುತ್ತದೆ.