ಡೀಸೆಲ್ ಎಂಜಿನ್ ಕೂರಿಸಿದ ಹಳೆಯ ಫಾರ್ಗೋ ಲಾರಿ ಘಾಟಿಯಲ್ಲಿ ಕುದಿಯುತ್ತಿದೆ, ದೊಡ್ಡ ರೇಡಿಯೇಟರ್ ಹಾಕಿಸಬೇಕೇ?

ಸದ್ಯಕ್ಕೆ ಬೇಡ. ನಿಮ್ಮ ಅಜ್ಜನ ಕಾಲದ 1954ರ ಫಾರ್ಗೋದಲ್ಲಿ ಮೂಲ ಪೆಟ್ರೋಲ್ ಎಂಜಿನ್ ತೆಗೆದು ಪರ್ಕಿನ್ಸ್ ಪಿ6 ಡೀಸೆಲ್ ಕೂರಿಸಿದ್ದಾರೆ. ಬಯಲಿನಲ್ಲಿ ನೀರಿನ ಬಿಸಿ ತೋರಿಸುವ ಮುಳ್ಳು ಮಧ್ಯದಲ್ಲೇ ನಿಲ್ಲುತ್ತದೆ, ಗೊಬ್ಬರ ಹೇರಿಕೊಂಡು ಚಾರ್ಮಾಡಿ ಹತ್ತುವಾಗ ಮಾತ್ರ ನೀರು ಉಕ್ಕುತ್ತದೆ ಎಂದು ಬರೆದಿದ್ದೀರಿ. ನಮ್ಮ ಸಕಲೇಶಪುರದ ತೋಟದಲ್ಲಿ ಇದೇ ಎಂಜಿನ್ ಇರುವ ಡಾಡ್ಜ್ ಇದೆ. ಡಾಡ್ಜ್, ಫಾರ್ಗೋ, ಡಿಸೋಟೊ ಹೆಸರಿಗಷ್ಟೇ ಬೇರೆ, ಲಾರಿ ಒಂದೇ. ನಾನೂ ಮೊದಲು ರೇಡಿಯೇಟರ್ ಮೇಲೆಯೇ ಹಣ ಸುರಿದೆ. ಹೊಸ ಕೋರ್ (ರೇಡಿಯೇಟರಿನ ಒಳಗಿನ ಕೊಳವೆಗಳ ಜಾಲರಿ) ಹಾಕಿಸಿದ ಮರುವಾರವೇ ಶಿರಾಡಿಯಲ್ಲಿ ಅದು ಮತ್ತೆ ಕುದಿಯಿತು.

ಸ್ವಲ್ಪ ಯೋಚಿಸಿ. ಹಳೆಯ ಪೆಟ್ರೋಲ್ ಎಂಜಿನ್ ಪಕ್ಕದಲ್ಲಿ ವಾಲ್ವ್ ಇರುವ ಜಾತಿಯದು. ಅದರ ಸುಡುಹೊಗೆ ಬ್ಲಾಕಿನ ಒಳಗಿನಿಂದಲೇ ಹಾದು ಹೊರಬರುವುದರಿಂದ ನೀರಿಗೆ ಬಹಳ ಬಿಸಿ ಸೇರುತ್ತಿತ್ತು. ಅದನ್ನು ತಣ್ಣಗಿಟ್ಟ ರೇಡಿಯೇಟರ್ ಅಷ್ಟೇ ಶಕ್ತಿಯ ಡೀಸೆಲ್ಲಿಗೆ ಸಾಲಲೇಬೇಕು, ಒಳಗೆ ಕಟ್ಟಿಕೊಂಡಿರದಿದ್ದರೆ. ಹಾಗಾಗಿ ನಾನು ಮೊದಲು ಅನುಮಾನಿಸುವುದು ಎಂಜಿನ್ ಕೂರಿಸಿದ ರೀತಿಯನ್ನು, ಅದರಲ್ಲೂ ಫ್ಯಾನನ್ನು.

ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 3,600 ಸುತ್ತಿನವರೆಗೂ ಓಡುತ್ತಿತ್ತು. ಪಿ6 ಸುಮಾರು 2,400ಕ್ಕೆ ನಿಲ್ಲುತ್ತದೆ. ಹಳೆಯ ಫ್ಯಾನನ್ನೇ ಅಂಥದೇ ಪುಲ್ಲಿಯೊಂದಿಗೆ ಡೀಸೆಲ್ಲಿಗೆ ಬಿಗಿದಿದ್ದರೆ ಗಾಳಿ ಮೂರನೇ ಒಂದು ಪಾಲು ಕಡಿಮೆಯಾದಂತೆ. ಬಯಲಿನಲ್ಲಿ ಓಟದ ಗಾಳಿ ಆ ಕೊರತೆಯನ್ನು ಮುಚ್ಚಿಬಿಡುತ್ತದೆ. ಎರಡನೇ ಗೇರಿನಲ್ಲಿ ತೆವಳುತ್ತಾ ಘಾಟಿ ಹತ್ತುವಾಗ ಫ್ಯಾನಿನ ಗಾಳಿಯೊಂದೇ ಗತಿ. ನಿಮ್ಮ ಲಾರಿಯ ಲಕ್ಷಣ ಸರಿಯಾಗಿ ಇದೇ.

ಒಂದು ದಿನಪತ್ರಿಕೆಯ ಹಾಳೆಯಿಂದ ಇದನ್ನು ಪರೀಕ್ಷಿಸಬಹುದು. ಲಾರಿ ನಿಲ್ಲಿಸಿ, ಎಂಜಿನ್ ವೇಗವನ್ನು ಸ್ವಲ್ಪ ಏರಿಸಿ, ಹಾಳೆಯನ್ನು ರೇಡಿಯೇಟರಿನ ಮುಂಭಾಗಕ್ಕೆ ಹಿಡಿದು ಕೈಬಿಡಿ. ಎಲ್ಲ ಕಡೆಯೂ ಅದು ಅಂಟಿಕೊಳ್ಳಬೇಕು. ನಮ್ಮ ಲಾರಿಯಲ್ಲಿ ಕೆಳಗಡೆ ಊಟದ ತಟ್ಟೆಯಷ್ಟು ಜಾಗದಲ್ಲಿ ಮಾತ್ರ ಅಂಟಿತು. ಫ್ಯಾನಿನ ಮಧ್ಯಭಾಗ ರೇಡಿಯೇಟರಿನ ಮಧ್ಯಕ್ಕಿಂತ ಒಂದು ಗೇಣು ಕೆಳಗಿತ್ತು, ನಾಲ್ಕು ಇಂಚು ದೂರವೂ ಇತ್ತು. ಫ್ಯಾನ್ ಎಂಜಿನ್ ಕೋಣೆಯ ಬಿಸಿ ಗಾಳಿಯನ್ನೇ ತಿರುಗಿಸುತ್ತಿತ್ತು.

ಟಿಂಕರ್ ಕೆಲಸದವರಿಂದ ರೇಡಿಯೇಟರಿನ ಹಿಂಭಾಗ ಪೂರ್ತಿ ಮುಚ್ಚುವಂತೆ ತಗಡಿನ ಕೌಲ್, ಅಂದರೆ ಫ್ಯಾನಿನ ಗಾಳಿಯೆಲ್ಲ ರೇಡಿಯೇಟರಿನ ಮೂಲಕವೇ ಬರುವಂತೆ ಮಾಡುವ ಹೊದಿಕೆ, ಮಾಡಿಸಿದೆ. ಫ್ಯಾನಿನ ರೆಕ್ಕೆಯ ಅಗಲದಲ್ಲಿ ಅರ್ಧ ಕೌಲಿನ ಒಳಗೆ, ಅರ್ಧ ಹೊರಗೆ ಇರಬೇಕು. ಸುತ್ತ ಒಂದು ಇಂಚು ಬಿಡಿ. ತೋಟದ ದಾರಿಯಲ್ಲಿ ಎಂಜಿನ್ ಓಲಾಡುತ್ತದೆ, ರೇಡಿಯೇಟರ್ ಅದರ ಜೊತೆ ಓಲಾಡುವುದಿಲ್ಲ. ಫ್ಯಾನ್ ವೇಗ ಹೆಚ್ಚಿಸಲು ಫ್ಯಾನ್ ಕೂತಿರುವ ನೀರಿನ ಪಂಪಿನ ಪುಲ್ಲಿಯನ್ನು ಸಣ್ಣದು ಮಾಡಿಸಿದೆ, ರೆಕ್ಕೆಗಳಲ್ಲಿ ಬಿರುಕಿಲ್ಲವೆಂದು ನೋಡಿಕೊಂಡ ಮೇಲೆ.

ಎರಡನೆಯ ಅನುಮಾನ, ನೀರಿನ ದಾರಿಯಲ್ಲಿ ಗಾಳಿ ಸಿಕ್ಕಿಕೊಳ್ಳುವುದು. ಗ್ಯಾರೇಜುಗಳಲ್ಲಿ ಇದನ್ನು ಗಮನಿಸುವವರು ಕಡಿಮೆ. ನಮ್ಮ ಲಾರಿಯಲ್ಲಿ ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ವಾಲ್ವ್) ಕೂರುವ ಜಾಗ ರೇಡಿಯೇಟರಿನ ಮೇಲಿನ ಟ್ಯಾಂಕಿಗಿಂತ ಎರಡು ಬೆರಳು ಎತ್ತರದಲ್ಲಿತ್ತು. ರೇಡಿಯೇಟರ್ ತುಂಬಿದಂತೆ ಕಂಡರೂ ಹೆಡ್ಡಿನೊಳಗೆ (ಎಂಜಿನ್ನಿನ ಮೇಲ್ಭಾಗದಲ್ಲಿ) ಗಾಳಿ ಉಳಿದಿರುತ್ತದೆ, ಆ ಜಾಗದ ಲೋಹಕ್ಕೆ ನೀರೇ ತಾಗುವುದಿಲ್ಲ. ಲಾರಿಯ ಮೂತಿಯನ್ನು ಏರಿನ ಕಡೆಗೆ ನಿಲ್ಲಿಸಿ, ಅತಿ ಎತ್ತರದ ಜಾಗದಲ್ಲಿ ಒಂದು ಸಣ್ಣ ನಲ್ಲಿ ಕೂರಿಸಿ, ಅದರಿಂದ ಗುಳ್ಳೆಯಿಲ್ಲದ ನೀರು ಬರುವವರೆಗೆ ನಿಧಾನವಾಗಿ ತುಂಬಿ. ಎತ್ತರದ ವ್ಯತ್ಯಾಸ ಹೆಚ್ಚಿದ್ದರೆ, ಎಂಜಿನ್ನಿಗಿಂತ ಮೇಲೆ ಒಂದು ಪುಟ್ಟ ಟ್ಯಾಂಕ್ ಇಟ್ಟು, ನೀರು ತುಂಬುವ ಜಾಗವನ್ನೇ ಅಲ್ಲಿಗೆ ಒಯ್ಯುವುದು ಶಾಶ್ವತ ಪರಿಹಾರ.

ಆದರೆ ಇವೆಲ್ಲಕ್ಕೂ ಮೊದಲು, ತಣ್ಣಗಿರುವಾಗ ಮುಚ್ಚಳ ತೆಗೆದು ಎಂಜಿನ್ ಚಾಲೂ ಮಾಡಿ ನೋಡಿ. ನೀರಿನಲ್ಲಿ ಗುಳ್ಳೆಗಳು ನಿಲ್ಲದೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲು) ಹೋಗಿರುವ ಸಂಭವ ಹೆಚ್ಚು. ಆಗ ಕೌಲ್ ಕಟ್ಟಿ ಪ್ರಯೋಜನವಿಲ್ಲ. ಏರಿನಲ್ಲಿ ಕಪ್ಪು ಹೊಗೆ ದಟ್ಟವಾಗಿ ಬಂದರೆ ಡೀಸೆಲ್ ಪಂಪ್ ಅತಿಯಾಗಿ ಕೊಡುತ್ತಿದೆ, ಪಂಪ್ ರಿಪೇರಿಯವರಿಗೆ ತೋರಿಸಿ. ರೇಡಿಯೇಟರಿನ ಕೆಳಗಿನ ರಬ್ಬರ್ ಹೋಸ್ ಹಳೆಯದಾಗಿದ್ದರೆ ಎಂಜಿನ್ ವೇಗ ಏರಿಸಿದಾಗ ಚಪ್ಪಟೆಯಾಗಿ ನೀರು ತಡೆಯುತ್ತದೆ. ಒಳಗೆ ಸ್ಪ್ರಿಂಗ್ ಇರುವಂಥದ್ದು ಹಾಕಿಸಿ. ಥರ್ಮೋಸ್ಟಾಟ್ ಕಿತ್ತೆಸೆಯಿರಿ ಎಂಬ ಸಲಹೆ ಬಂದೇ ಬರುತ್ತದೆ. ಅದನ್ನು ಕೇಳಬೇಡಿ. ಡೀಸೆಲ್ ತಣ್ಣಗೆ ಓಡಿದರೆ ಸಿಲಿಂಡರ್ ಲೈನರುಗಳು (ಪಿಸ್ಟನ್ ಓಡಾಡುವ ಕೊಳವೆಗಳು) ಬೇಗ ಸವೆಯುತ್ತವೆ.

ರೇಡಿಯೇಟರಿನ ಮುಚ್ಚಳದ ಬಗ್ಗೆಯೂ ಕೇಳಿದ್ದೀರಿ. ಸಾವಿರ ಮೀಟರ್ ಎತ್ತರದಲ್ಲಿ ಬರಿಯ ನೀರು 97 ಡಿಗ್ರಿಗೆ ಮುಂಚೆಯೇ ಕುದಿಯುತ್ತದೆ, ಆದ್ದರಿಂದ ಘಾಟಿಯ ತುದಿ ತಲುಪುವ ಹೊತ್ತಿಗೆ ನಿಮಗೆ ಮೂರು ಡಿಗ್ರಿಯ ಅವಕಾಶ ಕಡಿಮೆ. ಒತ್ತಡದ ಮುಚ್ಚಳ ಒಂದು ಪೌಂಡಿಗೆ (ಚದರ ಇಂಚಿನ ಮೇಲಿನ ಒತ್ತಡ) ಸುಮಾರು ಒಂದೂವರೆ ಡಿಗ್ರಿಯಂತೆ ಅದನ್ನು ಮರಳಿ ಕೊಡುತ್ತದೆ. ನಾನು 4 ಪೌಂಡಿನದು ಹಾಕಿದ್ದೇನೆ. ಇಂದಿನ ಕಾರುಗಳ 13 ಅಥವಾ 15 ಪೌಂಡಿನದನ್ನು ದಯವಿಟ್ಟು ಹಾಕಬೇಡಿ, ಎಪ್ಪತ್ತು ವರ್ಷದ ಬೆಸುಗೆ ಬಿಟ್ಟುಕೊಳ್ಳುತ್ತದೆ. ಬಿಸಿ ಇರುವಾಗ ಅದನ್ನು ತೆರೆಯಲೂ ಬೇಡಿ. ನಮ್ಮ ಚಾಲಕರೊಬ್ಬರ ಮುಂಗೈಯಲ್ಲಿ ಆ ಕಲೆ ಇನ್ನೂ ಇದೆ.

ಹಾಳೆಯ ಪರೀಕ್ಷೆ ಮಾಡಿ, ಎಷ್ಟು ಜಾಗದಲ್ಲಿ ಅಂಟಿತು ಎಂದು ಬರೆಯಿರಿ. ಬಾನೆಟ್ ತೆರೆದು ಫ್ಯಾನಿಗೂ ರೇಡಿಯೇಟರಿಗೂ ಇರುವ ಅಂತರ ಕಾಣುವಂತೆ ಪಕ್ಕದಿಂದ ತೆಗೆದ ಒಂದು ಚಿತ್ರವನ್ನೂ ಹಾಕಿದರೆ ಕೌಲಿನ ಅಳತೆಯನ್ನು ನಾನೇ ಬರೆದು ಕೊಡುತ್ತೇನೆ.