ಶ್ರುತಿ ಏರುವ ಕ್ಲಾರಿನೆಟ್‌ಗೆ ಉದ್ದದ ಬ್ಯಾರಲ್ ಪರಿಹಾರವೇ?

ಪ್ರಶ್ನೆ: ನಾನು ಮೈಸೂರಿನ ವಾದ್ಯವೃಂದವೊಂದರಲ್ಲಿ ನಾಲ್ಕು ವರ್ಷಗಳಿಂದ ಬಿ ಫ್ಲ್ಯಾಟ್ ಕ್ಲಾರಿನೆಟ್ ನುಡಿಸುತ್ತಿದ್ದೇನೆ. ಕೀಬೋರ್ಡಿನ ಜೊತೆ ನುಡಿಸುವಾಗ ನನ್ನ ವಾದ್ಯದ ಶ್ರುತಿ ಯಾವಾಗಲೂ ಏರಿರುತ್ತದೆ. 66 ಮಿ.ಮೀ. ಉದ್ದದ ಬ್ಯಾರಲ್ಲನ್ನು (ಊದುವ ಮೌತ್‌ಪೀಸ್ ಮತ್ತು ವಾದ್ಯದ ಮೇಲಿನ ಭಾಗದ ನಡುವಿನ ಗಿಡ್ಡ ಕೊಳವೆ) ಪೂರ್ತಿ ಒಳಗೆ ಕೂರಿಸಿದರೆ ಟ್ಯೂನರ್ ಎಲ್ಲ ಸ್ವರಗಳಲ್ಲೂ ಸುಮಾರು 15 ಸೆಂಟ್ (ಕೀಬೋರ್ಡಿನ ಪಕ್ಕಪಕ್ಕದ ಎರಡು ಸ್ವರಗಳ ಅಂತರದ ನೂರನೇ ಒಂದು ಭಾಗವೇ ಒಂದು ಸೆಂಟ್) ಏರಿಕೆ ತೋರಿಸುತ್ತದೆ. 3 ಮಿ.ಮೀ. ಹೊರಗೆಳೆದರೆ ನಡುವಿನ ಜಿ ಮತ್ತು ಎ ಸ್ವರಗಳು ಐದಾರು ಸೆಂಟ್ ಇಳಿದುಬಿಡುತ್ತವೆ, ಆದರೆ ಎಲ್ಲ ರಂಧ್ರಗಳನ್ನೂ ಮುಚ್ಚಿ ನುಡಿಸುವ ಬಿ ಇನ್ನೂ ಐದಾರು ಸೆಂಟ್ ಮೇಲೆಯೇ ಇರುತ್ತದೆ. ಅಂಗಡಿಯವರು 69 ಮಿ.ಮೀ. ಬ್ಯಾರಲ್ ಕೊಳ್ಳಿ ಎನ್ನುತ್ತಾರೆ, ಹಿರಿಯ ವಾದಕರೊಬ್ಬರು ಮೌತ್‌ಪೀಸ್ ಬದಲಿಸಿ ಎನ್ನುತ್ತಾರೆ. ಮೊದಲು ಯಾವುದಕ್ಕೆ ಹಣ ಹಾಕಲಿ?

ಉತ್ತರ: ಶ್ರುತಿ ಸರಿಯಿಲ್ಲ ಎಂದಷ್ಟೇ ಬರೆಯದೆ ಯಾವ ಸ್ವರ ಎಷ್ಟು ಸೆಂಟ್ ಏರಿದೆ ಎಂದು ಅಳೆದು ಬರೆದಿದ್ದೀರಿ. ಅರ್ಧ ಕೆಲಸ ಅಲ್ಲಿಗೇ ಮುಗಿಯಿತು, ಏಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಆ ಅಂಕಿಗಳಲ್ಲೇ ಇದೆ.

ಥ್ರೋಟ್ ಸ್ವರಗಳೆಂದು ವಾದಕರು ಕರೆಯುವ ಜಿ, ಎ, ಬಿ ಫ್ಲ್ಯಾಟ್‌ಗಳನ್ನು ನುಡಿಸುವಾಗ ಕೊಳವೆಯಲ್ಲಿ ಕಂಪಿಸುವ ಗಾಳಿಯ ಉದ್ದ 25 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ, ಎಲ್ಲ ರಂಧ್ರಗಳೂ ಮುಚ್ಚಿದ ಕೆಳಗಿನ ಇ ಸ್ವರಕ್ಕೂ, ಸ್ವರವನ್ನು ಮೇಲಿನ ಸ್ಥಾಯಿಗೆ ಏರಿಸುವ ರೆಜಿಸ್ಟರ್ ಕೀ ಒತ್ತಿದಾಗ ಅದೇ ಬೆರಳುಗಳಲ್ಲಿ ಹೊರಡುವ ಬಿ ಸ್ವರಕ್ಕೂ ಆ ಉದ್ದ 58 ಸೆಂ.ಮೀ.ಗೆ ಹತ್ತಿರವಾಗುತ್ತದೆ. ಹೀಗಾಗಿ ಬ್ಯಾರಲ್ಲನ್ನು 1 ಮಿ.ಮೀ. ಎಳೆದರೆ ಲೆಕ್ಕದ ಪ್ರಕಾರ ಜಿ ಸುಮಾರು 7 ಸೆಂಟ್ ಇಳಿಯುತ್ತದೆ, ಬಿ ಇಳಿಯುವುದು 3 ಸೆಂಟ್ ಮಾತ್ರ. ನಿಮ್ಮ ಟ್ಯೂನರ್ ತೋರಿಸಿರುವುದೂ ಇದನ್ನೇ. 69 ಮಿ.ಮೀ. ಬ್ಯಾರಲ್ ಎಂದರೆ ನೀವು ಈಗ 3 ಮಿ.ಮೀ. ಎಳೆದು ಇಟ್ಟುಕೊಂಡಿರುವ ಸ್ಥಿತಿಯೇ. ನಡುವಿನ ಸಂದು ಮುಚ್ಚುತ್ತದೆ, ಏರುಪೇರು ಹಾಗೆಯೇ ಉಳಿಯುತ್ತದೆ. ಆ ಬ್ಯಾರಲ್ಲನ್ನು ದಯವಿಟ್ಟು ಕೊಳ್ಳಬೇಡಿ.

ಬದಲಿಗೆ ಬ್ಯಾರಲ್ಲನ್ನು 2 ಮಿ.ಮೀ. ಮಾತ್ರ ಎಳೆದು, ಮೇಲಿನ ಮತ್ತು ಕೆಳಗಿನ ಜಾಯಿಂಟ್‌ಗಳು (ವಾದ್ಯದ ಕೊಳವೆಯ ಎರಡು ಮುಖ್ಯ ತುಂಡುಗಳು) ಕೂಡುವಲ್ಲಿ ಒಂದೂವರೆ ಮಿ.ಮೀ. ಎಳೆದು ನೋಡಿ. ಥ್ರೋಟ್ ಸ್ವರಗಳ ರಂಧ್ರಗಳು ಮೇಲಿನ ಜಾಯಿಂಟ್‌ನಲ್ಲಿಯೇ ಇರುವುದರಿಂದ ಈ ಎರಡನೆಯ ಎಳೆತ ಅವುಗಳನ್ನು ಮುಟ್ಟುವುದಿಲ್ಲ, ಕೆಳಗಿನ ಜಾಯಿಂಟ್‌ನ ಸ್ವರಗಳನ್ನಷ್ಟೇ ಇಳಿಸುತ್ತದೆ. ಅದಕ್ಕಿಂತ ಹೆಚ್ಚು ಎಳೆಯಬೇಡಿ. ಎರಡು ಜಾಯಿಂಟ್‌ಗಳ ಕೀಗಳನ್ನು ಬೆಸೆಯುವ ಬ್ರಿಜ್ ಕೀ ಸರಿಯಾಗಿ ಕೂರದೆ ಗಾಳಿ ಸೋರತೊಡಗುತ್ತದೆ. ಹೀಗೆ ಮಾಡಿದರೆ ಜಿ ಹೆಚ್ಚುಕಡಿಮೆ ನೇರಕ್ಕೆ ಬರುತ್ತದೆ, ಬಿ ನಾಲ್ಕೈದು ಸೆಂಟ್ ಮೇಲೆ ಉಳಿಯುತ್ತದೆ, ಅಷ್ಟನ್ನು ತುಟಿಯೇ ನಿಭಾಯಿಸಬಲ್ಲದು. ಬ್ಯಾರಲ್ ಎಳೆದಾಗ ಒಳಗೆ ಉಂಟಾಗುವ ಸಂದನ್ನು ತುಂಬಲು ಟ್ಯೂನಿಂಗ್ ರಿಂಗ್‌ಗಳು ಸಿಗುತ್ತವೆ. ನಿಮ್ಮ ಮೊದಲ ಖರೀದಿ ಅದೇ ಆಗಲಿ, ಅದು ಬ್ಯಾರಲ್ಲಿಗಿಂತ ಬಹಳ ಅಗ್ಗ.

ಇಷ್ಟಾದರೂ, ಎಲ್ಲ ಸ್ವರಗಳೂ 15 ಸೆಂಟ್ ಏರಿದ್ದೇಕೆ ಎಂಬ ಮುಖ್ಯ ಪ್ರಶ್ನೆ ಉಳಿಯುತ್ತದೆ. ಒಂದು ಕಾರಣ ನಮ್ಮ ಬಿಸಿಲು. ಕೊಳವೆಯೊಳಗಿನ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶ್ರುತಿ ಸುಮಾರು 3 ಸೆಂಟ್ ಏರಬೇಕು; ಮೇಲಿನ ಭಾಗವನ್ನು ಉಸಿರೇ ಬೆಚ್ಚಗಿಟ್ಟಿರುವುದರಿಂದ ವಾಸ್ತವದಲ್ಲಿ ಏರಿಕೆ ಅದಕ್ಕಿಂತ ಕಡಿಮೆ, ಆದರೆ ಏಪ್ರಿಲ್ ತಿಂಗಳ ಶಾಮಿಯಾನದ ಕೆಳಗೆ ಅದು ಚೆನ್ನಾಗಿಯೇ ಕೇಳಿಸುತ್ತದೆ. ಕೀಬೋರ್ಡ್ ಮಾತ್ರ ಎಂಥ ಬಿಸಿಲಿಗೂ 440 ಹರ್ಟ್ಸ್ (ಶ್ರುತಿಗೆ ಆಧಾರವಾದ ಎ ಸ್ವರದ ಕಂಪನ) ಬಿಟ್ಟು ಕದಲುವುದಿಲ್ಲ.

ಇನ್ನೊಂದು ಕಾರಣ ತುಟಿಯ ಬಿಗಿತ. ಗಟ್ಟಿ ರೀಡನ್ನು (ಮೌತ್‌ಪೀಸಿಗೆ ಕಟ್ಟುವ, ಊದಿದಾಗ ಕಂಪಿಸುವ ತೆಳು ಪಟ್ಟಿ) ಕಚ್ಚಿ ಹಿಡಿದು ನುಡಿಸುವ ಅಭ್ಯಾಸವಿದ್ದರೆ ಶ್ರುತಿ ಏರಿಯೇ ಏರುತ್ತದೆ, ಮೇಲಿನ ಸ್ಥಾಯಿಯಲ್ಲಂತೂ ಇನ್ನೂ ಹೆಚ್ಚು. ಇದನ್ನು ಪರೀಕ್ಷಿಸುವುದು ಸುಲಭ. ಮೌತ್‌ಪೀಸ್ ಒಂದನ್ನೇ ಹಿಡಿದು ಊದಿದರೆ ಕೀಬೋರ್ಡಿನ ಮಧ್ಯ ಸಿ ಸ್ವರಕ್ಕಿಂತ ಎರಡು ಸ್ಥಾಯಿ ಮೇಲಿನ ಸಿ ಹತ್ತಿರ, ಬ್ಯಾರಲ್ ಸೇರಿಸಿ ಊದಿದರೆ ಅದರ ಕೆಳಗಿನ ಎಫ್ ಶಾರ್ಪ್ ಹತ್ತಿರ ಕೇಳಿಸಬೇಕು. ಅದನ್ನೂ ಮೀರಿ ಏರಿದರೆ ತಪ್ಪು ವಾದ್ಯದ್ದಲ್ಲ; ಗಡಸುತನದ ಅಂಕಿಯಲ್ಲಿ ಅರ್ಧ ಕಡಿಮೆಯಿರುವ ಮೆತ್ತಗಿನ ರೀಡ್ ಹಾಕಿ ಕೆಲವು ವಾರ ದೀರ್ಘಸ್ವರಗಳ ಸಾಧನೆ ಮಾಡಿ. ಅಳೆಯುವಾಗ ತೀರ ಜೋರೂ ತೀರ ಮೆಲ್ಲಗೂ ಅಲ್ಲದಂತೆ ಊದಬೇಕು, ಏಕೆಂದರೆ ಕ್ಲಾರಿನೆಟ್ಟಿನ ಶ್ರುತಿ ಜೋರಾಗಿ ಊದಿದಾಗ ಇಳಿಯುತ್ತದೆ, ಮೆಲ್ಲಗೆ ಊದಿದಾಗ ಏರುತ್ತದೆ.

ತುಟಿ ಸರಿಯಿದ್ದರೆ ಆ ಹಿರಿಯರ ಮಾತಿನಲ್ಲಿ ಹುರುಳಿದೆ. ಯೂರೋಪಿನ ಅನೇಕ ವಾದ್ಯವೃಂದಗಳು 442ಕ್ಕೆ ಶ್ರುತಿ ಮಾಡಿಕೊಳ್ಳುತ್ತವೆ, ಅಲ್ಲಿಗೆಂದು ಮಾಡಿದ ಮೌತ್‌ಪೀಸ್ ನಿಮ್ಮಲ್ಲಿದ್ದರೆ 8 ಸೆಂಟ್ ಏರಿಕೆಗೆ ಅದೊಂದೇ ಸಾಕು. ವಾಂಡೊರೆನ್ ಕಂಪನಿಯ 13ನೆಯ ಸರಣಿಯ ಮೌತ್‌ಪೀಸ್‌ಗಳು 440ಕ್ಕೆ ಹೊಂದಿಸಿದವು, ಅವನ್ನು ಊದಿ ನೋಡಿ. ಮೌತ್‌ಪೀಸ್ ಬದಲಿಸಿದಾಗಲೂ ಥ್ರೋಟ್ ಸ್ವರಗಳೇ ಹೆಚ್ಚು ಇಳಿಯುತ್ತವೆ, ಆದ್ದರಿಂದ ಆಗ ಬ್ಯಾರಲ್ಲನ್ನು ಮತ್ತೆ ಒಳಗೆ ತಳ್ಳಬೇಕಾಗುತ್ತದೆ.

ಹೊಸ ಬ್ಯಾರಲ್ ನಿಜವಾಗಿ ಬೇಕಾಗುವುದು ಬೇರೆ ಸಂದರ್ಭದಲ್ಲಿ. ಕೆಳಗಿನ ಜಿ ನುಡಿಸಿ, ಬೆರಳು ಕದಲಿಸದೆ ರೆಜಿಸ್ಟರ್ ಕೀ ಒತ್ತಿ ಮೇಲಿನ ಡಿ ನುಡಿಸಿದಾಗ ಇವೆರಡರ ಅಂತರ ಕೆಟ್ಟಿದ್ದರೆ ಅದು ಉದ್ದದ ದೋಷವಲ್ಲ, ಒಳರಂಧ್ರದ ಆಕಾರದ ದೋಷ. ಅಂಥಲ್ಲಿ ಕೆಳಮುಖವಾಗಿ ಕಿರಿದಾಗುತ್ತ ಹೋಗುವ ರಂಧ್ರದ ಬ್ಯಾರಲ್ ನೆರವಾಗುತ್ತದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಾದ್ಯ ದುರಸ್ತಿ ಮಾಡುತ್ತಿದ್ದ ಹಾನ್ಸ್ ಮೊಯ್ನಿಗ್ ರೂಪಿಸಿದ ಇಂಥ ಬ್ಯಾರಲ್ಲನ್ನು ಬಫೆ ಕಂಪನಿ ಅವರ ಹೆಸರಿನಲ್ಲೇ ಮಾರುತ್ತದೆ. ನಿಮ್ಮ ಪತ್ರದಲ್ಲಿ ಈ ದೋಷದ ಸುಳಿವಿಲ್ಲ.

ಮೌತ್‌ಪೀಸ್ ನೋಡಲು ಹೋಗುವ ದಿನ ನಿಮ್ಮದೇ ಕ್ಲಾರಿನೆಟ್, ಬಳಸಿ ಪಳಗಿದ ರೀಡ್ ಮತ್ತು ಟ್ಯೂನರ್ ಒಯ್ಯಿರಿ. ಹತ್ತು ನಿಮಿಷ ನುಡಿಸಿ ವಾದ್ಯ ಬೆಚ್ಚಗಾದ ಮೇಲೆ, ಟ್ಯೂನರ್ ಕಡೆ ನೋಡದೆ ಸ್ವರವನ್ನು ನೆಲೆಗೊಳಿಸಿ, ಆಮೇಲೆ ಮುಳ್ಳು ನೋಡಿ. ಮುಳ್ಳನ್ನೇ ನೋಡುತ್ತ ಊದಿದರೆ ತುಟಿ ತಾನಾಗಿ ತಿದ್ದಿಕೊಂಡುಬಿಡುತ್ತದೆ, ಮೌತ್‌ಪೀಸಿನ ಗುಣ ನಿಮಗೆ ತಿಳಿಯುವುದೇ ಇಲ್ಲ.