ಮೊಮ್ಮಗ ಓಡಿಸಿದ ಆ ಎರಡು ನಿಮಿಷ

ಹಾಸನದಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: “ಹೋದ ಸಂಚಿಕೆಯಲ್ಲಿ ‘ಲಾರೆನ್ಸ್ ಆಫ್ ಅರೇಬಿಯಾ’ ಚಿತ್ರದ ಬಗ್ಗೆ ಬಂದ ಲೇಖನ ಓದಿ, ಮೊಮ್ಮಗನ ಜೊತೆ ಟಿ.ವಿ.ಯಲ್ಲಿ ಚಿತ್ರ ನೋಡಿದೆ. ಮರುಭೂಮಿ, ಒಂಟೆ, ಯುದ್ಧ ಎಲ್ಲ ಅದ್ಭುತ. ಆದರೆ ಒಂದು ತಕರಾರು. ನಾಲ್ಕು ಪುಟದ ಲೇಖನದಲ್ಲಿ ಒಂದು ಪುಟ ಕ್ಯಾಮೆರಾದವರು, ಎಡಿಟರ್, ಸೆಟ್ ಹಾಕಿದವರು ಅಂತ ಹೆಸರುಗಳಿಗೇ ಹೋಗಿದೆ. ನಿರ್ದೇಶಕ, ನಾಯಕ ಇಬ್ಬರ ಹೆಸರು ಸಾಕಲ್ಲವೇ? ಊಟಕ್ಕೆ ಕೂತವನಿಗೆ ಒಲೆ ಹಚ್ಚಿದವರ ಪಟ್ಟಿ ಯಾಕೆ? ಚಿತ್ರದ ಶುರುವಿನಲ್ಲಿ ಹೆಸರುಗಳು ಬಂದಾಗ ಮೊಮ್ಮಗ ರಿಮೋಟ್ ಒತ್ತಿ ಮುಂದೆ ಓಡಿಸಿಬಿಟ್ಟ. ಅವನು ಮಾಡಿದ್ದೇ ಸರಿ ಅನ್ನಿಸಿತು.”

ಮೇಷ್ಟ್ರೇ, ನಿಮ್ಮ ಪತ್ರ ಬಂದ ದಿನ ಎರಡು ಸಲ ಓದಿದೆ. ಮೂರೂವರೆ ಗಂಟೆಗೂ ಜಾಸ್ತಿ ಉದ್ದದ ಚಿತ್ರವನ್ನು ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೊನೆಯವರೆಗೆ ನೋಡಿದ್ದೀರಿ. ಅದಕ್ಕೇ ನಿಮಗೆ ಕೈ ಮುಗಿಯಬೇಕು. ನಿಮ್ಮ ಮಾತಿನಲ್ಲಿ ನಿಜವೂ ಇದೆ. ನಿರ್ದೇಶಕ ಡೇವಿಡ್ ಲೀನ್ ಇಲ್ಲದೆ ಆ ಚಿತ್ರ ಇಲ್ಲ. ನಾಯಕ ಪೀಟರ್ ಓಟೂಲ್ ಅವರ ನೀಲಿ ಕಣ್ಣು ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ. ಇಷ್ಟನ್ನು ಒಪ್ಪಿಕೊಂಡೆ.

ಆದರೆ ಮೊಮ್ಮಗ ಓಡಿಸಿದ ಆ ಎರಡು ನಿಮಿಷದಲ್ಲಿ ಏನು ಹೋಯಿತು ಅಂತ ಹೇಳಲೇಬೇಕು. ಒಬ್ಬ ಮನುಷ್ಯ ತನ್ನ ಮೋಟಾರ್ ಸೈಕಲ್ ಸಜ್ಜು ಮಾಡುತ್ತಿರುತ್ತಾನೆ. ಕ್ಯಾಮೆರಾ ಮೇಲಿನಿಂದ ಸುಮ್ನೆ ನೋಡುತ್ತಿರುತ್ತದೆ. ಪಕ್ಕದಲ್ಲಿ ಹೆಸರುಗಳು ಬರುತ್ತವೆ. ಅವುಗಳ ನಡುವೆ ‘ಐ. ಎಸ್. ಜೋಹರ್’ ಅಂತ ಒಂದು ಹೆಸರಿದೆ. ಹೌದು, ನಮ್ಮ ಹಿಂದಿ ಚಿತ್ರಗಳ ಜೋಹರ್. ಮೆಹಮೂದ್ ಜೊತೆ ಸೇರಿ ನಮ್ಮನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದವರು. ಇಲ್ಲಿ ಅವರದು ಗಾಸಿಮ್ ಪಾತ್ರ. ನೆಫೂದ್ ಮರುಭೂಮಿ ದಾಟುವಾಗ ಒಂಟೆಯ ಮೇಲಿಂದ ಬಿದ್ದು ಹಿಂದೆ ಉಳಿಯುತ್ತಾನಲ್ಲ, ಕಥಾನಾಯಕ ಲಾರೆನ್ಸ್ ಒಬ್ಬನೇ ವಾಪಸ್ ಹೋಗಿ ಕರೆತರುತ್ತಾನಲ್ಲ, ಅವನೇ. ಮುಂದೆ ಅಕಾಬಾ ಪಟ್ಟಣದ ಮೇಲೆ ದಾಳಿ ಮಾಡುವ ಮುನ್ನ, ಅದೇ ಗಾಸಿಮ್‌ನನ್ನು ಲಾರೆನ್ಸ್ ತನ್ನ ಕೈಯಾರೆ ಗುಂಡು ಹಾರಿಸಿ ಕೊಲ್ಲಬೇಕಾಗುತ್ತದೆ. ಇಡೀ ಚಿತ್ರದ ಕರುಳು ಇರುವುದು ಅಲ್ಲಿ. ಆ ಜಾಗದಲ್ಲಿ ನಿಂತವರು ನಮ್ಮ ದೇಶದ ನಟ. ನಿಮ್ಮ ಪತ್ರದಲ್ಲಿ ಗಾಸಿಮ್ ಸಾವಿನ ಬಗ್ಗೆ ಎರಡು ಸಾಲು ಬರೆದು ‘ಕಣ್ಣು ಒದ್ದೆಯಾಯಿತು’ ಅಂದಿದ್ದೀರಿ. ಯಾರಿಗಾಗಿ ಒದ್ದೆಯಾಯಿತು ಅನ್ನುವುದು ಗೊತ್ತಾಗಬಾರದೇ?

ನಾನು ಇದನ್ನು ಮೊದಲು ನೋಡಿದ್ದು ಕಾಲೇಜು ದಿನಗಳಲ್ಲಿ, ಬೆಂಗಳೂರಿನ ದಂಡಿನ ಕಡೆಯ ಒಂದು ಥಿಯೇಟರಿನಲ್ಲಿ, ಮರುಬಿಡುಗಡೆ ಆದಾಗ. ದೂರದಲ್ಲಿ ಒಂದು ಕಪ್ಪು ಚುಕ್ಕೆ. ಬಿಸಿಲ್ಗುದುರೆಯಲ್ಲಿ ಅದು ಕರಗುತ್ತದೆ, ಮತ್ತೆ ಮೂಡುತ್ತದೆ. ನಿಧಾನಕ್ಕೆ ಒಂಟೆ ಆಗುತ್ತದೆ, ಮನುಷ್ಯ ಆಗುತ್ತದೆ. ನಟ ಒಮರ್ ಷರೀಫ್ ಮೊದಲ ಸಲ ಬರುವ ದೃಶ್ಯ. ನನ್ನ ಪಕ್ಕದವನು ಉಸಿರು ಬಿಡುವುದನ್ನೇ ಮರೆತಿದ್ದ. ಆ ದೃಶ್ಯಕ್ಕಾಗಿ ಕ್ಯಾಮೆರಾಮನ್ ಫ್ರೆಡ್ಡಿ ಯಂಗ್ 482 ಮಿಲಿಮೀಟರಿನ ಉದ್ದನೆಯ ಲೆನ್ಸ್ ಬಳಸಿದರು. ಕಾದ ನೆಲದ ಮೇಲೆ ಗಾಳಿ ನಡುಗುತ್ತದಲ್ಲ, ಆ ನಡುಕವನ್ನೇ ಹಿಡಿಯಬೇಕಿತ್ತು. ಕಲಾ ನಿರ್ದೇಶಕ ಜಾನ್ ಬಾಕ್ಸ್ ಇನ್ನೊಂದು ಕೆಲಸ ಮಾಡಿದರು. ನೋಡುವವರ ಕಣ್ಣು ತಾನಾಗಿ ಆ ಚುಕ್ಕೆಯ ಕಡೆ ಹೋಗಲಿ ಅಂತ ಮರುಭೂಮಿಯ ನೆಲಕ್ಕೆ ಬಿಳಿ ಬಣ್ಣದ ಗೆರೆ ಬಳಿಸಿದರು, ಕಪ್ಪು ಕಲ್ಲು ಹಾಸಿದರು. ನಾವು ಅದನ್ನು ನೋಡಲ್ಲ. ಆದರೆ ನಮ್ಮ ಕಣ್ಣು ಅದು ಹೇಳಿದ ಕಡೆಗೇ ಹೋಗುತ್ತದೆ. ಮೇಷ್ಟ್ರೇ, ಇದು ಒಲೆ ಹಚ್ಚುವ ಕೆಲಸವಾ?

ಬೆಂಕಿ ಕಡ್ಡಿಯ ಕಟ್ ನೆನಪಿದೆಯಾ? ಲಾರೆನ್ಸ್ ಉರಿಯುವ ಕಡ್ಡಿಯನ್ನು ಊದುತ್ತಾನೆ. ಮರುಕ್ಷಣ ಮರುಭೂಮಿಯ ಅಂಚಿನಲ್ಲಿ ಸೂರ್ಯ ಹುಟ್ಟುವ ಹೊತ್ತು. ಚಿತ್ರಕಥೆಯಲ್ಲಿ ಇದ್ದದ್ದು ಡಿಸಾಲ್ವ್. ಅಂದರೆ ಒಂದು ಚಿತ್ರ ಕರಗುತ್ತಾ ಇನ್ನೊಂದು ಮೂಡುವುದು. ಎಡಿಟಿಂಗ್ ಕೋಣೆಯಲ್ಲಿ ಆ ಎರಡು ತುಂಡನ್ನು ಸುಮ್ನೆ ಅಂಟಿಸಿ ನೋಡಿದಾಗ, ಹಾಗೇ ನೇರ ಕಟ್ ಇರಲಿ ಅಂತ ಹೊಳೆಯಿತು. ಎಡಿಟರ್ ಆನ್ ಕೋಟ್ಸ್ ಎಂಬ ಹೆಂಗಸು. ಇಂಥ ನೇರ ಕಟ್‌ಗಳಿದ್ದ ಫ್ರಾನ್ಸಿನ ಹೊಸ ಅಲೆಯ ಚಿತ್ರಗಳನ್ನು ನೋಡಿ ಮೆಚ್ಚಿ, ನೀವೂ ನೋಡಿ ಅಂತ ಲೀನ್ ಅವರಿಗೆ ಹೇಳಿದ್ದವರು ಅವರೇ. ಇನ್ನೂ ಸ್ವಲ್ಪ ಸರಿಯಾಗಬೇಕು ಅಂದರು ಲೀನ್. ಆಕೆ ಎರಡು ಫ್ರೇಮ್ ತೆಗೆದರು. ಸೆಕೆಂಡಿನಲ್ಲಿ ಹನ್ನೆರಡನೇ ಒಂದು ಪಾಲು. ಅಷ್ಟೇ. ಅದೇ ಇವತ್ತು ಸಿನಿಮಾ ಕಲಿಸುವ ಕಡೆಯೆಲ್ಲ ಪಾಠವಾಗಿದೆ. ಹೆಂಗಸೊಬ್ಬಳ ಮಾತೂ ಇಲ್ಲದ ಚಿತ್ರ ಅದು. ಅದನ್ನು ಕೂಡಿಸಿದ ಕೈ ಹೆಂಗಸಿನದು. ಬಟ್ಟೆ ಹೊಂದಿಸಿದ್ದೂ ಫಿಲ್ಲಿಸ್ ಡಾಲ್ಟನ್ ಎಂಬ ಹೆಂಗಸೇ. ಕಥೆ ಮುಂದೆ ಹೋದಂತೆ ಲಾರೆನ್ಸ್‌ನ ಬಿಳಿ ನಿಲುವಂಗಿಯ ಬಟ್ಟೆಯನ್ನು ಆಕೆ ತೆಳ್ಳಗೆ, ಇನ್ನೂ ತೆಳ್ಳಗೆ ಮಾಡುತ್ತಾ ಹೋದರು. ಮನುಷ್ಯ ಒಳಗೊಳಗೇ ಸವೆಯುವುದು ಬಟ್ಟೆಯಲ್ಲೇ ಕಾಣಬೇಕು ಅಂತ.

ಹೆಸರು ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಇದೇ ಚಿತ್ರ ಸಾಕ್ಷಿ. ಚಿತ್ರಕಥೆಯ ಮೊದಲ ಕರಡುಗಳನ್ನು ಬರೆದವರು ಮೈಕಲ್ ವಿಲ್ಸನ್. ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ನಡೆದ ಕಾಲದಲ್ಲಿ ಸಂಸತ್ತಿನ ಸಮಿತಿಗೆ ತಲೆಬಾಗಲಿಲ್ಲ ಅಂತ ಹಾಲಿವುಡ್ ಅವರನ್ನು ಕಪ್ಪು ಪಟ್ಟಿಗೆ ಸೇರಿಸಿತ್ತು. ಆಮೇಲೆ ರಾಬರ್ಟ್ ಬೋಲ್ಟ್ ಬಂದರು, ಮಾತುಗಳನ್ನೆಲ್ಲ ಹೊಸದಾಗಿ ಬರೆದರು. ಅವರದು ದೊಡ್ಡ ಕೆಲಸವೇ. ಆದರೆ 1962ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಚಿತ್ರ ತೆರೆ ಕಂಡಾಗ ಪರದೆಯ ಮೇಲೆ ಬೋಲ್ಟ್ ಒಬ್ಬರದೇ ಹೆಸರು. ವಿಲ್ಸನ್ 1978ರಲ್ಲಿ ತೀರಿಕೊಂಡರು. ಅಮೆರಿಕದ ಚಿತ್ರಕಥೆಗಾರರ ಸಂಘ ಅವರಿಗೆ ಸಲ್ಲಬೇಕಾದ ಹೆಸರನ್ನು ಕೊಟ್ಟಿದ್ದು 1995ರಲ್ಲಿ. ಸತ್ತು ಹದಿನೇಳು ವರ್ಷ ಆದಮೇಲೆ. ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ಚಿತ್ರದಲ್ಲೂ ಇವರಿಗೆ ಇದೇ ಗತಿ. ಒಬ್ಬ ಬರಹಗಾರನಿಗೆ ಇದಕ್ಕಿಂತ ಕ್ರೂರ ಶಿಕ್ಷೆ ನನಗೆ ಹೊಳೆಯುವುದಿಲ್ಲ. ಮಾಡಿದ ಕೆಲಸ ಕಣ್ಣೆದುರಿಗೇ ಇದೆ, ಊರೆಲ್ಲ ಹೊಗಳುತ್ತಿದೆ, ಇದು ನನ್ನದು ಅಂತ ಬಾಯಿಬಿಟ್ಟು ಹೇಳುವಂತಿಲ್ಲ.

ಸಂಗೀತದ ಕಥೆಯೂ ಹಾಗೇ ಸ್ವಲ್ಪ ಸೊಟ್ಟ. ಸಂಗೀತ ಕಟ್ಟಲು ಮೊರಿಸ್ ಜಾರ್ ಅವರಿಗೆ ಸಿಕ್ಕಿದ್ದು ಸುಮಾರು ಆರು ವಾರ. ವಾದ್ಯವೃಂದ ನಡೆಸಿದ್ದೂ ಬಹುಪಾಲು ಅವರೇ. ವಾದ್ಯವೃಂದ ನಡೆಸಿದವರು ಅಂತ ತೆರೆಯ ಮೇಲೆ ಬಂದದ್ದು ಸರ್ ಏಡ್ರಿಯನ್ ಬೋಲ್ಟ್ ಎಂಬ ದೊಡ್ಡವರ ಹೆಸರು (ಚಿತ್ರಕಥೆಯ ಬೋಲ್ಟ್ ಅಲ್ಲ, ಬೇರೆಯವರು).

ಚಿತ್ರಕ್ಕೆ ಬಂದದ್ದು ಏಳು ಆಸ್ಕರ್. ಅತ್ಯುತ್ತಮ ಚಿತ್ರ, ನಿರ್ದೇಶನ ಬಿಟ್ಟರೆ ಉಳಿದ ಐದು ಎಲ್ಲಿಗೆ ಹೋದವು ನೋಡಿ. ಕ್ಯಾಮೆರಾ, ಕಲೆ, ಎಡಿಟಿಂಗ್, ಸಂಗೀತ, ಧ್ವನಿ. ನಾಯಕನಿಗೆ ಬರಲೇ ಇಲ್ಲ. ನೀವು ಇಬ್ಬರ ಹೆಸರು ಸಾಕು ಅಂದಿರಲ್ಲ, ಅದರಲ್ಲಿ ಒಬ್ಬರು ಬರಿಗೈಯಲ್ಲಿ ಮನೆಗೆ ಹೋದವರು.

ಇದೆಲ್ಲ ಎಲ್ಲಿಯೋ ದೂರದ ಮಾತು ಅನ್ನಬೇಡಿ. ಇಪ್ಪತ್ತು ವರ್ಷ ಕಳೆದ ಮೇಲೆ ಇದೇ ಜನ ನಮ್ಮ ಮನೆ ಬಾಗಿಲಿಗೇ ಬಂದಿದ್ದರು. ಲೀನ್ ‘ಎ ಪ್ಯಾಸೇಜ್ ಟು ಇಂಡಿಯಾ’ ಮಾಡಿದಾಗ ಬೆಂಗಳೂರಿನ ಅರಮನೆ ಆವರಣದಲ್ಲಿ ಪೇಟೆಯ ಸೆಟ್ ಹಾಕಿದರು, ಸಾವನದುರ್ಗದ ಬಂಡೆಗಳಲ್ಲಿ, ರಾಮನಗರದ ಬೆಟ್ಟದಲ್ಲಿ ಗವಿಯ ದೃಶ್ಯಗಳನ್ನು ತೆಗೆದರು. ಸೆಟ್ಟಿನ ಹೊಣೆ ಅದೇ ಜಾನ್ ಬಾಕ್ಸ್ ಅವರದು. ಸಂಗೀತ ಅದೇ ಜಾರ್ ಅವರದು, ಅದಕ್ಕೂ ಆಸ್ಕರ್ ಬಂತು. ಕ್ಯಾಮೆರಾ ಹಿಂದೆ ನಿಂತವರು ಅರ್ನೆಸ್ಟ್ ಡೇ. ಅರೇಬಿಯಾದ ಚಿತ್ರದಲ್ಲಿ ಅವರು ಫ್ರೆಡ್ಡಿ ಯಂಗ್ ಕೈಕೆಳಗೆ ಕ್ಯಾಮೆರಾ ಆಪರೇಟರ್ ಆಗಿದ್ದವರು. ಹೆಸರುಗಳನ್ನು ಓದುವ ಅಭ್ಯಾಸ ಇದ್ದರೆ ಇಂಥ ಜೀವನಗಳು ಕಾಣುತ್ತವೆ, ಮೇಷ್ಟ್ರೇ. ಒಂದು ಚಿತ್ರದಲ್ಲಿ ಕೆಳಗಿನ ಸಾಲಿನಲ್ಲಿದ್ದ ಹೆಸರು ಇಪ್ಪತ್ತೆರಡು ವರ್ಷದ ನಂತರ ಮೇಲಿನ ಸಾಲಿಗೆ ಬಂದಿರುತ್ತದೆ. ನಿಮ್ಮ ಶಾಲೆಯ ಹಳೇ ಹುಡುಗ ದೊಡ್ಡ ಹುದ್ದೆಗೆ ಹೋದದ್ದು ಪೇಪರಿನಲ್ಲಿ ಓದಿದರೆ ಖುಷಿ ಆಗಲ್ವಾ? ಹಾಗೆಯೇ.

ಆಗ ನಮ್ಮ ಬೀದಿಯಲ್ಲಿ ಒಬ್ಬ ಬಡಗಿ ಇದ್ದರು. ಆ ಪೇಟೆಯ ಸೆಟ್ಟಿಗೆ ಮರಗೆಲಸಕ್ಕೆ ಹೋಗಿದ್ದರು. ಬೆಳಗ್ಗೆ ಕತ್ತಲಿರುವಾಗಲೇ ಉಳಿ, ಕೊಡತಿ ಚೀಲಕ್ಕೆ ತುಂಬಿಕೊಂಡು ಸೈಕಲ್ ಹತ್ತುತ್ತಿದ್ದರು. ಚಿತ್ರ ಬಂದಾಗ ನಾನು ಅವರನ್ನು ಜೊತೆಗೆ ಕರೆದುಕೊಂಡು ಹೋದೆ. ಅವರಿಗೆ ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ. ಮೆರವಣಿಗೆ, ಗಲಾಟೆ, ಕೋರ್ಟು ಯಾವುದನ್ನೂ ಅವರು ನೋಡಲಿಲ್ಲ. ಪೇಟೆಯ ದೃಶ್ಯ ಬಂದ ಕೂಡಲೇ ನನ್ನ ತೊಡೆ ತಟ್ಟಿ, “ಅದೋ, ಆ ಕಟಕಟೆ ನಂದು ಸ್ವಾಮಿ” ಅಂದರು. ಒಂದೆರಡು ಸೆಕೆಂಡು ಇತ್ತೋ ಇಲ್ಲವೋ. ಕೊನೆಯಲ್ಲಿ ಹೆಸರುಗಳು ಬಂದಾಗ ನಾನು ಒಂದೊಂದನ್ನೂ ಓದಿ ಹೇಳಿದೆ. ಅವರ ಹೆಸರು ಇರಲಿಲ್ಲ. ಅಷ್ಟರಲ್ಲಿ ಥಿಯೇಟರಿನವರು ದೀಪ ಹಾಕಿ, ಪರದೆ ಎಳೆದು, ನಮ್ಮನ್ನು ಎಬ್ಬಿಸಿದರು. ಹೊರಗೆ ಬಂದ ಮೇಲೆ ಅವರು ಕೇಳಿದ್ದು ಒಂದೇ ಮಾತು: “ಪೂರ್ತಿ ಓದಿದ್ರಾ? ಕೊನೇಲಿ ಏನಾದ್ರೂ ಇತ್ತೇನೋ.” ನಲವತ್ತು ವರ್ಷ ಆಯಿತು. ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಈಗ ಆ ಕೆಲಸವನ್ನು ಥಿಯೇಟರಿನವರೂ ಮಾಡಬೇಕಿಲ್ಲ. ಮನೆಯಲ್ಲಿ ನೋಡುವಾಗ ಕಥೆ ಮುಗಿದ ಕೂಡಲೇ ಹೆಸರುಗಳು ಕುಗ್ಗಿ ಒಂದು ಮೂಲೆಗೆ ಸೇರುತ್ತವೆ, ಮುಂದಿನದನ್ನು ನೋಡಿ ಅಂತ ಯಂತ್ರವೇ ತಳ್ಳುತ್ತದೆ. ನಿಮ್ಮ ಮೊಮ್ಮಗನ ತಪ್ಪಲ್ಲ. ಅವನಿಗೆ ಹಾಗೆ ಕಲಿಸಿದ್ದೇವೆ. ಬರೀ ಸಿನಿಮಾದಲ್ಲಲ್ಲ. ಸೇತುವೆಯ ಕಲ್ಲಿನ ಮೇಲೆ ಉದ್ಘಾಟನೆ ಮಾಡಿದ ಮಂತ್ರಿಯ ಹೆಸರಿರುತ್ತದೆ, ಕಟ್ಟಿದ ಎಂಜಿನಿಯರನದು, ಮೇಸ್ತ್ರಿಯದು ಇರಲ್ಲ. ಅನುವಾದದ ಪುಸ್ತಕದ ಮುಖಪುಟದಲ್ಲಿ ಅನುವಾದಕರ ಹೆಸರನ್ನು ಹುಡುಕಬೇಕು. ನಾನು ಕೆಲಸ ಕಲಿತ ಒಂದು ಪತ್ರಿಕೆಯಲ್ಲಿ ಅಚ್ಚಿನ ಮೊಳೆ ಜೋಡಿಸುವ ಹಿರಿಯರೊಬ್ಬರಿದ್ದರು. ದೊಡ್ಡ ದೊಡ್ಡ ಕವಿಗಳ ಛಂದಸ್ಸಿನ ತಪ್ಪನ್ನು ಬೆರಳಲ್ಲೇ ಹಿಡಿಯುತ್ತಿದ್ದರು. ವಿಶೇಷಾಂಕದಲ್ಲಿ ಜಾಹೀರಾತು ಕೊಟ್ಟವರಿಗೆಲ್ಲ ಧನ್ಯವಾದ ಅಚ್ಚಾಯಿತು. ಆ ಧನ್ಯವಾದದ ಮೊಳೆಯನ್ನೂ ಜೋಡಿಸಿದವರು ಅವರೇ.

ನೀವಿರುವುದು ಹಾಸನದಲ್ಲಿ. ಬೇಲೂರು ಒಂದು ಗಂಟೆ ದಾರಿ. ಅಲ್ಲಿ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಸೋಮನಾಥಪುರದಲ್ಲಿ ರೂವಾರಿ ಮಲ್ಲಿತಮ್ಮ ಎಷ್ಟೊಂದು ವಿಗ್ರಹಗಳ ಕೆಳಗೆ ತನ್ನ ಹೆಸರು ಹಾಕಿದ್ದಾನೆ. ಎಂಟು ಒಂಬತ್ತು ನೂರು ವರ್ಷದ ಹಿಂದೆ, ರಾಜನ ಗುಡಿಯಲ್ಲಿ, ದೇವರ ಪಾದದ ಹತ್ತಿರ ಕಲ್ಲುಕುಟಿಗನ ಹೆಸರಿಗೆ ಜಾಗ ಇತ್ತು. ನಮ್ಮ ನಾಲ್ಕು ಪುಟದಲ್ಲಿ ಒಂದು ಪುಟ ಜಾಸ್ತಿಯಾಯಿತೇ?

ಇನ್ನು ನಿಮ್ಮ ಊಟದ ಮಾತು. ನಮ್ಮ ಕಡೆ ಮದುವೆಯಲ್ಲಿ ಹೋಳಿಗೆ, ಹುಳಿ ಚೆನ್ನಾಗಿದ್ದರೆ ಎಲೆ ಮುಂದೆ ಕೂತವರು ಮೊದಲು ಕೇಳುವುದು “ಅಡುಗೆಯವರು ಯಾರು?” ಅಂತ. ಗಂಡಿನ ಹೆಸರು ಮರೆತರೂ ಅಡುಗೆಯವರ ಹೆಸರು ಬರೆದುಕೊಂಡು ಹೋಗುತ್ತಾರೆ. ನೀವೂ ಕೇಳಿರುತ್ತೀರಿ, ಅಲ್ವಾ?

ಹಾಗಾಗಿ ಆ ಪುಟ ಮುಂದೆಯೂ ಇರುತ್ತದೆ. ಮುಂದಿನ ತಿಂಗಳು ಅಲ್ಲಿ ಮೈಸೂರಿನಲ್ಲಿ ಹುಟ್ಟಿದ ಕ್ಯಾಮೆರಾಮನ್ ವಿ. ಕೆ. ಮೂರ್ತಿ ಅವರ ಬಗ್ಗೆ ಬರೆಯುತ್ತಿದ್ದೇವೆ. ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕನ್ನಡಿಗಳನ್ನಿಟ್ಟು ಬಿಸಿಲಿನ ಕೋಲನ್ನು ಸ್ಟುಡಿಯೋ ಒಳಗೆ ಇಳಿಸಿದವರು ಅವರು. ಓದಿ. ಅಷ್ಟರಲ್ಲಿ ಮೊಮ್ಮಗನಿಗೆ ರಜ ಬಂದರೆ ಆ ಎರಡು ನಿಮಿಷವನ್ನು ಮತ್ತೆ ಹಾಕಿ ತೋರಿಸಿ. ಜೋಹರ್ ಹೆಸರನ್ನು ಅವನೇ ಓದಲಿ. ಅವನಿಗೆ ಏನನ್ನಿಸಿತು ಅಂತ ನನಗೆ ಬರೆಯಿರಿ. ಅವನೇ ಬರೆದರೆ ಇನ್ನೂ ಒಳ್ಳೆಯದು, ಅವನ ಹೆಸರಿನಲ್ಲೇ ಅಚ್ಚು ಮಾಡುತ್ತೇನೆ.

— ಸಂಪಾದಕ